1980ಕ್ಕೆ ಓಡುವ ಕಂಪ್ಯೂಟರ್: ಹಳೆಯ ಯಂತ್ರದ ಗಡಿಯಾರ ಸರಿಪಡಿಸುವ ಬಗೆ

ಗದಗ–ಬೆಟಗೇರಿಗೆ ‘ಮುದ್ರಣ ಕಾಶಿ’ ಎಂಬ ಹೆಸರು ಬಂದದ್ದು ಅಚ್ಚುಮೊಳೆಯ ಕಾಲದಲ್ಲಿ. ಮೊಳೆ ಹೋಗಿ ಡಿಟಿಪಿ ಬಂದಾಗ ಕೊಂಡ ಕಂಪ್ಯೂಟರುಗಳನ್ನು ಎಲ್ಲರೂ ಗುಜರಿಗೆ ಹಾಕಿಲ್ಲ. ಹಾಕುವಂತೆಯೂ ಇಲ್ಲ. ಪ್ರಿಂಟರ್ ಪೋರ್ಟಿಗೆ ಚುಚ್ಚುವ ಲಾಕ್ ಇದ್ದರಷ್ಟೇ ತೆರೆಯುವ ಹಳೆಯ ಕನ್ನಡ ತಂತ್ರಾಂಶ, ಯೂನಿಕೋಡ್‌ಗೂ ಮುಂಚಿನ ಫಾಂಟುಗಳಲ್ಲಿ ಕಟ್ಟಿದ ಪೇಜ್‌ಮೇಕರ್ ಪುಟಗಳು, ವರ್ಷಗಟ್ಟಲೆಯ ಲಗ್ನಪತ್ರಿಕೆ, ರಸೀದಿ ಪುಸ್ತಕ, ಜಾತ್ರೆಯ ಕರಪತ್ರ ಎಲ್ಲವೂ ಅಂಥ ಯಂತ್ರದೊಳಗೇ ಉಳಿದಿರುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲೂ ಅಷ್ಟೇ. ಮಕ್ಕಳು ಕಾಲೇಜು ಓದುವಾಗ ಕೊಡಿಸಿದ ಪೆಂಟಿಯಂ, ಟೈಪಿಂಗ್ ಕ್ಲಾಸಿನಿಂದ ಅಗ್ಗಕ್ಕೆ ಸಿಕ್ಕ 486, ಅಂಗಡಿಯ ಹಳೆ ಲೆಕ್ಕ ತುಂಬಿರುವ ಡಬ್ಬ ಅಟ್ಟದ ಮೇಲೆ ಕೂತಿರುತ್ತವೆ.

ಇಂಥದ್ದಕ್ಕೆ ವರ್ಷಗಳ ನಂತರ ಕರೆಂಟ್ ಕೊಟ್ಟರೆ ಮೊದಲು ಕಾಣುವ ದೂರು ಸಾಮಾನ್ಯವಾಗಿ ಒಂದೇ. ತಾರೀಕು 1980ರ ಜನವರಿ 1 ಎನ್ನುತ್ತದೆ, ಅಥವಾ ಮದರ್‌ಬೋರ್ಡ್ ತಯಾರಾದ ಕಾಲದ ಯಾವುದೋ ದಿನ ತೋರಿಸುತ್ತದೆ. ಪರದೆಯ ಮೇಲೆ ‘ಸಿಮಾಸ್ ಚೆಕ್‌ಸಮ್ ಎರರ್’ ಅಥವಾ ‘ಸಿಮಾಸ್ ಬ್ಯಾಟರಿ ಸ್ಟೇಟ್ ಲೋ’ ಎಂಬ ಸಾಲು ಬರುತ್ತದೆ. ರಿಪೇರಿಯವರಿಗೆ ಫೋನಿನಲ್ಲಿ ಹೇಳಿದರೆ ಅಲ್ಲಿಂದಲೇ ಉತ್ತರ ಸಿಗುತ್ತದೆ: “ಸಿಮಾಸ್ ಸೆಲ್ ಹೋಗೈತ್ರಿ, ಹೊಸಾದ್ ಹಾಕ್ಸ್ರಿ.” ಮಾತು ಬಹುಮಟ್ಟಿಗೆ ಸರಿ. ಆದರೆ ಯಾವ ಸೆಲ್, ಎಲ್ಲಿದೆ, ಹೇಗೆ ಹಾಕಬೇಕು ಎಂಬುದು ಯಂತ್ರದ ವಯಸ್ಸಿನ ಮೇಲೆ ಹೋಗುತ್ತದೆ. ತಪ್ಪು ಸೆಲ್ ಹಾಕಿದರೆ ಗಡಿಯಾರದ ಜೊತೆ ಮದರ್‌ಬೋರ್ಡೂ ಹೋದೀತು.

ತಾರೀಕು ತಪ್ಪಿದರೆ ಏನು ಮಹಾ ನಷ್ಟ ಎನ್ನಬೇಡಿ. ಎಲ್ಲ ಫೈಲುಗಳಿಗೂ 1980ರ ಮುದ್ರೆ ಬಿದ್ದರೆ ತಿದ್ದಿದ ಪ್ರತಿ ಯಾವುದು, ತಿದ್ದದ್ದು ಯಾವುದು ಎಂದು ಗೊತ್ತಾಗದೆ ಹಳೆಯ ಕರಡೇ ಅಚ್ಚಿಗೆ ಹೋಗುತ್ತದೆ. ಲೆಕ್ಕದ ತಂತ್ರಾಂಶದಲ್ಲಿ ವೋಚರುಗಳು ಬೇರೆ ವರ್ಷಕ್ಕೆ ಸೇರಿಕೊಳ್ಳುತ್ತವೆ. ಇನ್ನೂ ಹಳೆಯ ಯಂತ್ರವಾದರೆ ಹಾರ್ಡ್ ಡಿಸ್ಕೇ ಕಾಣುವುದಿಲ್ಲ, ಒಳಗಿನ ಮಾಹಿತಿಯೆಲ್ಲ ಹೋಯಿತೆಂದು ಮಾಲೀಕರು ಕೈಚೆಲ್ಲುತ್ತಾರೆ. ಎಷ್ಟೋ ಸಲ ಡಿಸ್ಕ್ ಚೆನ್ನಾಗಿಯೇ ಇರುತ್ತದೆ, ಸತ್ತಿರುವುದು ಸೆಲ್ ಮಾತ್ರ.

ಗಡಿಯಾರ ನಡೆಯುವುದು ಹೀಗೆ

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯಲ್ಲಿ ಬ್ಯಾಟರಿಯ ಗಡಿಯಾರವೇ ಇರಲಿಲ್ಲ. ಚಾಲೂ ಮಾಡಿದಾಗಲೆಲ್ಲ ಡಾಸ್ ತಾರೀಕು, ಸಮಯ ಕೇಳುತ್ತಿತ್ತು. ಏನೂ ಹೇಳದಿದ್ದರೆ 1980ರ ಜನವರಿ 1ರಿಂದ ಎಣಿಕೆ ಶುರು. 1984ರ ಪಿಸಿ–ಎಟಿಯಲ್ಲಿ ಐಬಿಎಂ ಮೋಟೊರೋಲಾದ ಎಂಸಿ146818 ಎಂಬ ಚಿಪ್ ಕೂರಿಸಿ, ಅದಕ್ಕೊಂದು ಬ್ಯಾಟರಿ ಕೊಟ್ಟಿತು. ಆ ಚಿಪ್ಪಿನಲ್ಲಿ 64 ಬೈಟ್ ನೆನಪಿನ ಜಾಗ, ‘ಸಿಮಾಸ್’ ಎನ್ನುವುದು ಇದನ್ನೇ. 14 ಬೈಟ್ ಗಡಿಯಾರಕ್ಕೆ, ಉಳಿದ 50 ಬೈಟ್ ಯಂತ್ರದ ಸೆಟ್ಟಿಂಗುಗಳಿಗೆ. ಹಾರ್ಡ್ ಡಿಸ್ಕ್ ಯಾವುದು, ಫ್ಲಾಪಿ ಎಷ್ಟು, ಮೆಮರಿ ಎಷ್ಟು ಎಂಬುದೆಲ್ಲ ಈ 50 ಬೈಟಿನಲ್ಲೇ. ಬ್ಯಾಟರಿ ಸತ್ತಾಗ ತಾರೀಕಿನ ಜೊತೆಗೆ ಹಾರ್ಡ್ ಡಿಸ್ಕೂ ಮಾಯವಾಗುವುದು ಇದೇ ಕಾರಣಕ್ಕೆ. ಮುಂದೆ ಬಂದ ಪಿಸಿಗಳೆಲ್ಲ ಈ ವ್ಯವಸ್ಥೆಯನ್ನೇ ಅನುಸರಿಸಿದವು.

ಚಿಪ್ಪಿಗೆ ತಾಳ ಹಾಕುವುದು ಸ್ಫಟಿಕದ ಒಂದು ಹರಳು. ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ 1 ಉಳಿಯುತ್ತದೆ. ಅದೇ ಒಂದು ಸೆಕೆಂಡು. ಕೈಗಡಿಯಾರ, ಗೋಡೆ ಗಡಿಯಾರಗಳಲ್ಲಿ ಇರುವುದೂ ಇದೇ ಕಂಪನದ ಹರಳು. ಆದ್ದರಿಂದ ಕಂಪ್ಯೂಟರಿನ ಹರಳು ಕೆಟ್ಟರೆ ವಾಚ್ ರಿಪೇರಿಯವರ ಹತ್ತಿರ ವಿಚಾರಿಸಬಹುದು.

ಕಂಪ್ಯೂಟರ್ ಚಾಲೂ ಇದ್ದಾಗ ಈ ಚಿಪ್ ಸೆಲ್ಲನ್ನು ಮುಟ್ಟುವುದಿಲ್ಲ, ಮುಖ್ಯ ವಿದ್ಯುತ್ತಿನಲ್ಲೇ ನಡೆಯುತ್ತದೆ. ಬಂದ್ ಮಾಡಿ ಪ್ಲಗ್ ತೆಗೆದಾಗ ಸೆಲ್ಲಿನ ದುಡಿಮೆ ಶುರು. ದಿನಾ ಬಳಸುವ ಯಂತ್ರದ ಸೆಲ್ ಬಾಳಿಕೆ ಬಂದು, ಅಟ್ಟ ಸೇರಿದ ಯಂತ್ರದ ಸೆಲ್ ಬೇಗ ಬರಿದಾಗುವುದು ಇದರಿಂದಲೇ. ಸಿಆರ್2032 ಸೆಲ್ಲಿನಲ್ಲಿ ಸುಮಾರು 220 ಮಿಲಿಆಂಪಿಯರ್–ಗಂಟೆ ಇರುತ್ತದೆ. ಚಿಪ್ 5 ಮೈಕ್ರೋಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ ಅದು 44,000 ಗಂಟೆ, ಎಂದರೆ ಸುಮಾರು ಐದು ವರ್ಷ.

ಎಲ್ಲ ಯಂತ್ರದಲ್ಲೂ ಗಡಿಯಾರ ಇರುವುದಿಲ್ಲ

ಇಲ್ಲದ್ದನ್ನು ಹುಡುಕುತ್ತ ಬೋರ್ಡ್ ಕೆದಕುವುದು ಬೇಡ. 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯಲ್ಲಿ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋದಲ್ಲಿ ಬ್ಯಾಟರಿ ಗಡಿಯಾರ ಇಲ್ಲ. 1986ರ ಬಿಬಿಸಿ ಮಾಸ್ಟರ್‌ನಲ್ಲಿ ಇದೆ. ಟಿವಿಗೆ ಜೋಡಿಸಿ ಆಡುತ್ತಿದ್ದ ಸಿಂಕ್ಲೇರ್ ಸ್ಪೆಕ್ಟ್ರಂನಲ್ಲಿ ಇಲ್ಲ. ಅಮಿಗಾ 500ರಲ್ಲಿ ಗಡಿಯಾರ ಇರುವುದು ಹೊಟ್ಟೆಯಡಿ ತೂರಿಸುವ ಎ501 ಮೆಮರಿ ಕಾರ್ಡಿನಲ್ಲಿ.

ಎಕ್ಸ್‌ಟಿ ದರ್ಜೆಯ ಪಿಸಿಯಲ್ಲಿ ಪ್ರತ್ಯೇಕ ಕಾರ್ಡ್ ಹಾಕಿಸಿದ್ದರೆ ಮಾತ್ರ ಗಡಿಯಾರ ಸಿಗುತ್ತದೆ. ಇಲ್ಲದಿದ್ದರೆ ಆಟೋಎಕ್ಸೆಕ್ ಫೈಲಿನಲ್ಲಿ ಡೇಟ್, ಟೈಮ್ ಎಂಬ ಎರಡು ಆಜ್ಞೆಗಳನ್ನು ಬರೆದಿಡಿ. ಚಾಲೂ ಮಾಡಿದಾಗಲೆಲ್ಲ ಯಂತ್ರ ಕೇಳುತ್ತದೆ, ಫೋನ್ ನೋಡಿ ತುಂಬಿದರಾಯಿತು.

ಬಿಚ್ಚುವ ಮೊದಲು ರೋಗ ಗುರುತಿಸಿ

ಸಮಯ ತಪ್ಪುವುದಕ್ಕೆಲ್ಲ ಸೆಲ್ಲೇ ಕಾರಣವಲ್ಲ. ತಪ್ಪುವ ರೀತಿ ನೋಡಿದರೆ ಕಾರಣ ಸಿಗುತ್ತದೆ.

• ಪ್ಲಗ್ ತೆಗೆದಾಗಲೆಲ್ಲ ತಾರೀಕು ಮೊದಲಿಗೇ ಹೋಗುತ್ತಿದ್ದರೆ: ಸೆಲ್ ಸತ್ತಿದೆ, ಹೋಲ್ಡರಿನ ತಗಡು ತುಕ್ಕು ಹಿಡಿದಿದೆ, ಇಲ್ಲವೇ ಸಿಮಾಸ್ ಅಳಿಸುವ ಜಂಪರ್ (ಬೋರ್ಡಿನ ಕಡ್ಡಿಗಳನ್ನು ಜೋಡಿಸುವ ಪುಟ್ಟ ಟೋಪಿ) ತಪ್ಪು ಕಡೆ ಕೂತಿದೆ. ಮೂರು ಕಡ್ಡಿಯ ಜಂಪರಾದರೆ ಸಾಮಾನ್ಯವಾಗಿ 1–2 ನಡೆಯುವ ಸ್ಥಾನ, 2–3 ಅಳಿಸುವ ಸ್ಥಾನ. ಬೋರ್ಡಿನ ಮೇಲಿನ ಬರಹ ನೋಡಿ ಖಚಿತ ಮಾಡಿಕೊಳ್ಳಿ.

• ಬಂದ್ ಇದ್ದಾಗ ದಿನಕ್ಕೆ ಹಲವು ನಿಮಿಷ ಹಿಂದೆ ಬೀಳುತ್ತಿದ್ದರೆ: ಸೆಲ್ ಸೋಲುತ್ತಿದೆ, ಇಲ್ಲವೇ ಹರಳಿನ ಸುತ್ತ ಧೂಳು, ತೇವ ಕೂತಿದೆ.

• ಚಾಲೂ ಮಾಡಿದಾಗ ಸಮಯ ಸರಿಯಿದ್ದು, ಕೆಲಸ ಮಾಡುತ್ತ ಹಿಂದೆ ಬಿದ್ದರೆ: ಸೆಲ್ಲಿನ ತಪ್ಪಲ್ಲ. ಡಾಸ್ ಒಳಗಡಿಯಾರವನ್ನು ಚಾಲೂ ಆಗುವಾಗ ಒಂದು ಸಲ ಓದಿಕೊಂಡು, ಆಮೇಲೆ ಸೆಕೆಂಡಿಗೆ ಸುಮಾರು 18.2 ಸಲ ಬರುವ ಬೇರೊಂದು ಮಿಡಿತ ಎಣಿಸುತ್ತದೆ. ಯಾವುದೋ ತಂತ್ರಾಂಶ ಆ ಎಣಿಕೆಗೆ ಅಡ್ಡಿ ಮಾಡುತ್ತಿದೆ.

• ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸವಿದ್ದರೆ: ಅದೇ ಯಂತ್ರದಲ್ಲಿ ಲಿನಕ್ಸ್ ಕೂಡ ಇರಬೇಕು. ಅದು ಒಳಗಡಿಯಾರವನ್ನು ಗ್ರೀನಿಚ್ ಕಾಲಕ್ಕೆ ಇಟ್ಟಿರುತ್ತದೆ, ವಿಂಡೋಸ್ ಅದನ್ನೇ ನಮ್ಮ ಕಾಲವೆಂದು ತಿಳಿಯುತ್ತದೆ. ಸೆಟ್ಟಿಂಗ್ ಬದಲಿಸಿದರೆ ಸಾಕು.

• ಡಾಸ್‌ನಲ್ಲಿ ತಿದ್ದಿದ ತಾರೀಕು ಮರುದಿನ ಉಳಿಯದಿದ್ದರೆ: ಡಾಸ್ ಯಾವ ಆವೃತ್ತಿಯೆಂದು ನೋಡಿ. 1987ರ 3.3ಕ್ಕಿಂತ ಹಿಂದಿನ ಡಾಸ್‌ನಲ್ಲಿ ಡೇಟ್ ಆಜ್ಞೆ ಒಳಗಡಿಯಾರವನ್ನು ತಿದ್ದುತ್ತಿರಲಿಲ್ಲ. ಅಲ್ಲಿ ಯಂತ್ರದ ಸೆಟಪ್‌ಗೆ (ಅದನ್ನು ತೆರೆಯುವ ಬಗೆ ಮುಂದಿದೆ) ಹೋಗಿಯೇ ತಿದ್ದಬೇಕು.

ಮೊದಲು ಬರೆದಿಟ್ಟುಕೊಳ್ಳಿ

ಯಂತ್ರ ಇನ್ನೂ ಸರಿಯಾಗಿ ಚಾಲೂ ಆಗುತ್ತಿದ್ದರೆ, ಸೆಲ್ ತೆಗೆಯುವ ಮುನ್ನ ಸೆಟಪ್ ತೆರೆಯಿರಿ. ಬಹಳಷ್ಟು ಯಂತ್ರಗಳಲ್ಲಿ ಚಾಲೂ ಆಗುವಾಗ ಡಿಲೀಟ್ ಒತ್ತಬೇಕು. ಕೆಲವಕ್ಕೆ ಎಫ್2, ಕಾಂಪ್ಯಾಕ್‌ಗೆ ಎಫ್10, ಐಬಿಎಂನ ಹಲವಕ್ಕೆ ಎಫ್1. ಮೂಲ ಎಟಿಗೆ ಸೆಟಪ್ ಇರುವುದು ಪ್ರತ್ಯೇಕ ಫ್ಲಾಪಿಯಲ್ಲಿ. ಒಳಗಿನ ಪ್ರತಿ ಪುಟದ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ.

ಇದರಲ್ಲಿ ಮುಖ್ಯವಾದದ್ದು ಹಾರ್ಡ್ ಡಿಸ್ಕಿನ ಸಾಲು. 286, 386 ಯಂತ್ರಗಳಲ್ಲಿ ಡಿಸ್ಕನ್ನು ತಾನಾಗಿ ಗುರುತಿಸುವ ಅನುಕೂಲ ಎಲ್ಲದರಲ್ಲೂ ಇರಲಿಲ್ಲ. ಪಟ್ಟಿಯ ಯಾವುದೋ ನಂಬರ್ ಆರಿಸಬೇಕು, ಇಲ್ಲವೇ ‘ಟೈಪ್ 47’ ಹಾಕಿ ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಸಂಖ್ಯೆ ಕೈಯಾರೆ ತುಂಬಬೇಕು. 486, ಪೆಂಟಿಯಂಗಳಲ್ಲಿ ‘ನಾರ್ಮಲ್’, ‘ಎಲ್‌ಬಿಎ’ ಎಂಬ ಬಗೆ ಇರುತ್ತದೆ. ಮೊದಲು ಯಾವುದಿತ್ತೋ ಅದೇ ಹಾಕಬೇಕು, ಇಲ್ಲದಿದ್ದರೆ ಡಿಸ್ಕ್ ಓದದು. ಆಗ ‘ಫಾರ್ಮ್ಯಾಟ್ ಮಾಡಲೇ?’ ಎಂಬ ಪ್ರಶ್ನೆ ಬಂದರೆ ಹೌದು ಅನ್ನಬೇಡಿ.

ಸೆಲ್ ಈಗಾಗಲೇ ಸತ್ತಿದ್ದರೆ ಡಿಸ್ಕನ್ನು ಹೊರಗೆಳೆದು ಅದರ ಮೇಲಿನ ಚೀಟಿ ಓದಿ. ಆ ಮೂರು ಸಂಖ್ಯೆ ಬಹುತೇಕ ಅಲ್ಲೇ ಅಚ್ಚಾಗಿರುತ್ತವೆ. ಹಿಂದೆ ಯಾರೋ ಹಾಕಿ ಮರೆತ ಸೆಟಪ್ ಪಾಸ್‌ವರ್ಡ್ ಇದ್ದರೆ, ಹಲವು ಯಂತ್ರಗಳಲ್ಲಿ ಅದು ಸೆಲ್ಲಿನ ಜೊತೆಗೇ ಅಳಿಸಿಹೋಗಿರುತ್ತದೆ. ಸತ್ತ ಸೆಲ್ಲಿನಿಂದ ಆಗುವ ಲಾಭ ಅದೊಂದೇ.

ಕೈಗೆ ಬೇಕಾದ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಹಳೆಯ ಹಲ್ಲುಜ್ಜುವ ಬ್ರಷ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಬಿಳಿ ವಿನೆಗರ್, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್. ಬೆಸುಗೆಯ ಕೆಲಸವಿದ್ದರೆ ಸೋಲ್ಡರಿಂಗ್ ಐರನ್. ಅದು ಕೈಗೆ ಹೊಸದಾದರೆ ಊರಿನ ಟಿವಿ ಅಥವಾ ಮೊಬೈಲ್ ರಿಪೇರಿಯವರ ಹತ್ತಿರ ಬೋರ್ಡನ್ನೇ ಒಯ್ದು, ಏನು ಆಗಬೇಕೆಂದು ತೋರಿಸಿ ಮಾಡಿಸಿ.

ಪ್ಲಗ್ ತೆಗೆದ ಮೇಲೆಯೇ ಕ್ಯಾಬಿನೆಟ್ ತೆರೆಯಿರಿ. ಒಳಗೆ ಕೈ ಹಾಕುವ ಮುನ್ನ ಕ್ಯಾಬಿನೆಟ್ಟಿನ ಬರಿ ತಗಡು ಮುಟ್ಟಿ. ಒಣ ಹವೆಯಲ್ಲಿ ಮೈಮೇಲೆ ಕೂಡುವ ಸ್ಥಾಯಿ ವಿದ್ಯುತ್ತಿಗೆ ಚಿಪ್ ಸುಡುತ್ತದೆ. ಎಸ್‌ಎಂಪಿಎಸ್ ಡಬ್ಬವನ್ನೂ ಹಳೆಯ ದಪ್ಪ ಮಾನಿಟರನ್ನೂ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅವುಗಳೊಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ, ಗಡಿಯಾರಕ್ಕೂ ಅವಕ್ಕೂ ಸಂಬಂಧವಿಲ್ಲ.

ಈಗ ಒಳಗೆ ನೋಡಿ. ಕಾಣುವುದು ಮೂರರಲ್ಲಿ ಒಂದು.

ಒಂದು: ನಾಣ್ಯದ ಗಾತ್ರದ ಸೆಲ್

ಪೆಂಟಿಯಂ ಮತ್ತು ಆಮೇಲಿನ ಯಂತ್ರಗಳಲ್ಲಿ ಹೆಚ್ಚಾಗಿ ಇರುವುದು ಇದು. ಸಿಆರ್2032 ಎಂಬ ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ವೋಲ್ಟೇಜ್ 3. ಬೆಲೆ ನೂರು ರೂಪಾಯಿಯೊಳಗೆ. ಕಾರಿನ ರಿಮೋಟ್, ಸಣ್ಣ ಡಿಜಿಟಲ್ ತಕ್ಕಡಿಗಳಿಗೂ ಇದೇ ಸೆಲ್ ಬೇಕಾಗುವುದರಿಂದ ತಾಲ್ಲೂಕು ಊರುಗಳ ವಾಚ್ ಅಂಗಡಿಯಲ್ಲೂ ಕೇಳಿ ನೋಡಬಹುದು.

ಹೋಲ್ಡರಿನ ಪಕ್ಕದ ಕೊಕ್ಕೆಯನ್ನು ಪ್ಲಾಸ್ಟಿಕ್ ಕಡ್ಡಿಯಿಂದ ಸರಿಸಿದರೆ ಸೆಲ್ ಮೇಲೇಳುತ್ತದೆ. ಮೀಟರಿನಲ್ಲಿ ಅಳೆಯಿರಿ. ಹೊಸ ಸೆಲ್ 3ರಿಂದ 3.3 ವೋಲ್ಟ್ ತೋರಿಸುತ್ತದೆ. 2.7ಕ್ಕಿಂತ ಕೆಳಗಿದ್ದರೆ ಬದಲಿಸಿ. ಹೋಲ್ಡರಿನ ತಗಡುಗಳನ್ನು ಆಲ್ಕೋಹಾಲ್ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. ಸೆಲ್ಲಿನ ಮುಖಕ್ಕೆ ಬೆರಳಿನ ಜಿಡ್ಡು ತಾಗಿದ್ದರೆ ಬಟ್ಟೆಯಿಂದ ಒರೆಸಿ, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ.

ಅಂಗಡಿಯವರು ‘ಇದೂ ನಡೀತೈತಿ’ ಎಂದು 2025 ಕೊಟ್ಟರೆ ಬೇಡ ಎನ್ನಿ. ಅದರ ದಪ್ಪ 2.5 ಮಿಲಿಮೀಟರ್, ಹೋಲ್ಡರಿನಲ್ಲಿ ಸಡಿಲವಾಗುತ್ತದೆ. ಎಲ್‌ಐಆರ್2032 ಎಂದಿರುವುದು ಚಾರ್ಜ್ ಆಗುವ ಬೇರೆ ಜಾತಿ, ಅದೂ ಬೇಡ.

ಎರಡು: ಪೀಪಾಯಿ ಆಕಾರದ ಬ್ಯಾಟರಿ

286, 386, 486 ಬೋರ್ಡುಗಳ ಮೂಲೆಯಲ್ಲಿ, ಹೆಚ್ಚಾಗಿ ಕೀಬೋರ್ಡ್ ಸಾಕೆಟ್ಟಿನ ಹತ್ತಿರ, ನೀಲಿ ಅಥವಾ ಹಸಿರು ಹೊದಿಕೆಯ ಉರುಟು ಬ್ಯಾಟರಿ ಬೆಸುಗೆಯಾಗಿರುತ್ತದೆ. ಇದು ನಿಕಲ್–ಕ್ಯಾಡ್ಮಿಯಂ. 1.2 ವೋಲ್ಟಿನ ಮೂರು ಕೋಶ ಸೇರಿ 3.6 ವೋಲ್ಟ್. ಕಂಪ್ಯೂಟರ್ ಚಾಲೂ ಇದ್ದಾಗ ಚಾರ್ಜ್ ಆಗುತ್ತದೆ. ಬಹುಕಾಲ ಖಾಲಿ ಬಿದ್ದರೆ ಸೋರುತ್ತದೆ. ಸೆಕೆ ಹೆಚ್ಚಿದಷ್ಟೂ ಬೇಗ ಕೆಡುತ್ತದೆ. ತಗಡಿನ ಮಾಡಿನ ಕೆಳಗೆ ಹತ್ತಾರು ಬೇಸಿಗೆ ಕಳೆದ ಬೋರ್ಡಿನಲ್ಲಿ ಸೋರದೆ ಉಳಿದ ಪೀಪಾಯಿ ಸಿಗುವುದು ಅಪರೂಪ.

ಸೋರುವ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಪ್ರಬಲ ಕ್ಷಾರ. ಅದು ತಾಮ್ರದ ಗೆರೆಗಳ ಮೇಲೆ ಹರಿದು ಅವನ್ನು ತಿನ್ನುತ್ತದೆ. ಬ್ಯಾಟರಿಯ ಸುತ್ತ ಬಿಳಿ ಹುಡಿ, ಹಸಿರು ಅಥವಾ ನೀಲಿ ಮುಗ್ಗು, ಕಪ್ಪಾದ ಬೆಸುಗೆ ಕಂಡರೆ ಸೋರಿಕೆ ಆಗಿದೆ ಎಂದೇ ಅರ್ಥ. ‘ಕೀಬೋರ್ಡ್ ಎರರ್’ ಬರುತ್ತಿದ್ದು, ಕೀಬೋರ್ಡ್ ಬದಲಿಸಿದರೂ ಹೋಗದಿದ್ದರೆ ಅದರ ಮೂಲವೂ ಇಲ್ಲಿರಬಹುದು.

ಕೆಲಸ ಹೀಗೆ. ಕೈಗವಸು ಹಾಕಿಕೊಂಡು ಬ್ಯಾಟರಿಯ ಎರಡೂ ಕಾಲು ಕತ್ತರಿಸಿ ತೆಗೆಯಿರಿ. ಪ್ಲಸ್, ಮೈನಸ್ ಯಾವ ಕಡೆ ಇತ್ತೆಂದು ಮೊದಲೇ ಫೋಟೋ ಇರಲಿ. ಮುಗ್ಗಿನ ಮೇಲೆ ವಿನೆಗರ್ ಅದ್ದಿದ ಬ್ರಷ್ ಆಡಿಸಿ. ನೊರೆ ಎದ್ದರೆ ಏಳಲಿ, ಹುಳಿ ಕ್ಷಾರವನ್ನು ಮುರಿಯುತ್ತಿದೆ. ನಿಂಬೆರಸದಿಂದಲೂ ಇದು ಆಗುತ್ತದೆ, ಆದರೆ ಅದರ ತಿರುಳು, ಸಕ್ಕರೆ ಬೋರ್ಡಿನಲ್ಲಿ ಉಳಿಯುವುದರಿಂದ ವಿನೆಗರೇ ಲೇಸು. ಅನಂತರ ಡಿಸ್ಟಿಲ್ಡ್ ವಾಟರಿನಿಂದ ತೊಳೆಯಿರಿ. ನಮ್ಮ ಭಾಗದ ಬೋರ್‌ವೆಲ್ ನೀರು ಇಲ್ಲಿ ಸಲ್ಲದು. ಅದರ ಸವಳು ಒಣಗಿದ ಮೇಲೆ ಗೆರೆಗಳ ನಡುವೆ ಉಪ್ಪಾಗಿ ಉಳಿದು ಮತ್ತೆ ತೊಂದರೆ ಕೊಡುತ್ತದೆ. ಕೊನೆಗೆ ಆಲ್ಕೋಹಾಲ್ ಸವರಿ, ನೆರಳಲ್ಲಿ ಒಂದು ದಿನ ಒಣಗಲು ಬಿಡಿ. ಆಮೇಲೆ ಮೀಟರಿನ ಬೀಪ್ ಇಟ್ಟು, ಕಪ್ಪಾದ ಒಂದೊಂದೇ ಗೆರೆಯ ಎರಡು ತುದಿ ಮುಟ್ಟಿಸಿ ನೋಡಿ. ಸದ್ದು ಬಾರದ ಕಡೆ ಗೆರೆ ತುಂಡಾಗಿದೆ, ಅಲ್ಲಿ ಸಣ್ಣ ತಂತಿ ಬೆಸೆಯಬೇಕು.

ಬದಲಿಗೆ ಏನು ಹಾಕುವುದು? ಅದೇ ಜಾತಿಯ ಪೀಪಾಯಿ ಮತ್ತೆ ಹಾಕಿದರೆ ಕೆಲವು ವರ್ಷಕ್ಕೆ ಇದೇ ಕಥೆ. ಒಳ್ಳೆಯ ದಾರಿ ಎರಡು.

ಮೊದಲನೆಯದಕ್ಕೆ ಬೆಸುಗೆ ಬೇಡ. ಬಹಳಷ್ಟು ಬೋರ್ಡುಗಳಲ್ಲಿ ‘ಎಕ್ಸ್‌ಟರ್ನಲ್ ಬ್ಯಾಟರಿ’ ಎಂದು ಬರೆದ ನಾಲ್ಕು ಕಡ್ಡಿಯ ಸಾಕೆಟ್ ಇರುತ್ತದೆ. ಸಾಮಾನ್ಯವಾಗಿ ಒಂದನೇ ಕಡ್ಡಿ ಪ್ಲಸ್, ನಾಲ್ಕನೆಯದು ಮೈನಸ್. ಮೀಟರಿನಲ್ಲಿ ನಾಲ್ಕನೇ ಕಡ್ಡಿಗೂ ಕ್ಯಾಬಿನೆಟ್ಟಿನ ತಗಡಿಗೂ ಬೀಪ್ ಬರುತ್ತದೆಯೇ ಎಂದು ನೋಡಿ ಖಚಿತ ಮಾಡಿಕೊಳ್ಳಿ. ಎಎ ಗಾತ್ರದ ಮೂರು ಆಲ್ಕಲೈನ್ ಸೆಲ್ ಹಿಡಿಯುವ ಪ್ಲಾಸ್ಟಿಕ್ ಹೋಲ್ಡರ್ ತಂದು, 4.5 ವೋಲ್ಟಿನ ಆ ಜೋಡಣೆಯನ್ನು ಈ ಸಾಕೆಟ್ಟಿಗೆ ಚುಚ್ಚಿ. ಒಳ ಬ್ಯಾಟರಿ, ಹೊರ ಬ್ಯಾಟರಿ ಆರಿಸುವ ಜಂಪರ್ ಇದ್ದರೆ ಬದಲಿಸಿ. ಹೋಲ್ಡರನ್ನು ಬೋರ್ಡಿನಿಂದ ದೂರ, ಕ್ಯಾಬಿನೆಟ್ಟಿನ ಗೋಡೆಗೆ ಅಂಟಿಸಿ. ಮುಂದೆ ಈ ಸೆಲ್ ಸೋರಿದರೂ ಬೋರ್ಡಿಗೆ ತಾಗಬಾರದು.

ಎರಡನೆಯದು, ಪೀಪಾಯಿ ಇದ್ದ ಜಾಗಕ್ಕೆ ಸಿಆರ್2032 ಹೋಲ್ಡರ್ ಬೆಸೆಯುವುದು. ಇಲ್ಲಿ ಒಂದು ಅಪಾಯವಿದೆ. ಬೋರ್ಡ್ ಆ ಜಾಗಕ್ಕೆ ಚಾರ್ಜ್ ಕಳಿಸುತ್ತದೆ, ಆದರೆ ಲಿಥಿಯಂ ನಾಣ್ಯ ಸೆಲ್ ಚಾರ್ಜ್ ತಡೆದುಕೊಳ್ಳುವ ಜಾತಿಯದಲ್ಲ, ಬಿಸಿಯಾಗಿ ಸಿಡಿಯಬಹುದು. ಆದ್ದರಿಂದ ಸೆಲ್ಲಿನ ಪ್ಲಸ್ ಮತ್ತು ಬೋರ್ಡಿನ ಪ್ಲಸ್ ನಡುವೆ 1ಎನ್4148 ಡಯೋಡ್ ಹಾಕಲೇಬೇಕು. ಡಯೋಡಿನ ಮೇಲಿನ ಕಪ್ಪು ಪಟ್ಟಿ ಬೋರ್ಡಿನ ಕಡೆ ಇರಲಿ. ಸೆಲ್ ಕೂರಿಸುವ ಮುನ್ನ ಕಂಪ್ಯೂಟರ್ ಚಾಲೂ ಮಾಡಿ, ಖಾಲಿ ಹೋಲ್ಡರಿನ ಎರಡು ತುದಿ ಅಳೆಯಿರಿ. ಸೊನ್ನೆಯ ಹತ್ತಿರ ತೋರಿಸಿದರೆ ಸರಿ. ಮೂರು–ನಾಲ್ಕು ವೋಲ್ಟ್ ಕಂಡರೆ ಡಯೋಡ್ ಉಲ್ಟಾ ಆಗಿದೆ, ಸೆಲ್ ಹಾಕಬೇಡಿ.

ಮೂರು: ಕಪ್ಪು ಡಬ್ಬದಂಥ ಚಿಪ್

ಬ್ಯಾಟರಿಯೇ ಕಾಣದಿದ್ದರೆ, ‘ಡಲ್ಲಾಸ್’ ಎಂದು ಬರೆದ ದಪ್ಪನೆಯ ಕಪ್ಪು ಚಿಪ್ ಹುಡುಕಿ. ಡಿಎಸ್1287 ಅಥವಾ ಡಿಎಸ್12887 ಎಂಬ ನಂಬರ್ ಇರುತ್ತದೆ. ಗಡಿಯಾರ, ಹರಳು, ಲಿಥಿಯಂ ಸೆಲ್ ಮೂರನ್ನೂ ಒಂದೇ ಎಪಾಕ್ಸಿ ಅಚ್ಚಿನಲ್ಲಿ ಮುಚ್ಚಿದ ಸರಕಿದು. ತಯಾರಕರು ಹೇಳಿದ್ದ ಆಯುಸ್ಸು ಹತ್ತು ವರ್ಷ. 1990ರ ದಶಕದ್ದು ಇಂದಿಗೂ ಜೀವಂತವಿದ್ದರೆ ಅದೃಷ್ಟ ಅನ್ನಬೇಕು.

ಚಿಪ್ ಸಾಕೆಟ್ಟಿನಲ್ಲಿ ಕೂತಿದ್ದರೆ ಎತ್ತಿ ಹೊಸದು ಹಾಕಿದರೆ ಮುಗಿಯಿತು. ಬೆಸುಗೆಯಾಗಿದ್ದರೆ ಬಿಚ್ಚಿಸಿ, 24 ಕಾಲಿನ ಸಾಕೆಟ್ ಹಾಕಿಸಿ, ಅದರಲ್ಲಿ ಕೂರಿಸಿ. ಡಿಎಸ್12887 ಬಹುತೇಕ ಕಡೆ ಹಳೆಯ 1287ರ ಜಾಗದಲ್ಲಿ ನಡೆಯುತ್ತದೆ. ಇದಕ್ಕೆ ಹುಬ್ಬಳ್ಳಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿ, ಇಲ್ಲವೇ ಬೆಂಗಳೂರಿನ ಎಸ್‌ಪಿ ರೋಡಿನಿಂದ ತರಿಸಿ. ‘ಹೊಸದು’ ಎಂದು ಹಳೆಯದನ್ನೇ ಉಜ್ಜಿ ಮಾರುವವರೂ ಇದ್ದಾರೆ. ಚಿಪ್ಪಿನ ಮೇಲಿನ ನಾಲ್ಕಂಕಿ ನೋಡಿ: 9745 ಎಂದರೆ 1997ರ 45ನೇ ವಾರ ತಯಾರಾದದ್ದು. ಕಾರ್ಖಾನೆಯಿಂದ ಬರುವಾಗ ಒಳಗಿನ ಗಡಿಯಾರ ನಿಲ್ಲಿಸಿರುತ್ತಾರೆ, ಸೆಟಪ್‌ನಲ್ಲಿ ತಾರೀಕು ತುಂಬಿ ಉಳಿಸಿದ ಮೇಲೆ ನಡೆಯಲು ಶುರುವಾಗುತ್ತದೆ.

ಹೊಸದು ಸಿಗದಿದ್ದರೆ ಹಳೆಯದಕ್ಕೇ ಹೊರಗಿನಿಂದ ಸೆಲ್ ಕೊಡಬಹುದು. ಕಚ್ಚು ಮೇಲೆ ಬರುವಂತೆ ಹಿಡಿದರೆ ಬಲಸಾಲಿನ ಕಾಲುಗಳ ಎಣಿಕೆ ಕೆಳಗಿನಿಂದ ಮೇಲಕ್ಕೆ 13ರಿಂದ 24. ಇದರಲ್ಲಿ 16ನೆಯದು ಸೆಲ್ಲಿನ ಮೈನಸ್, 20ನೆಯದು ಪ್ಲಸ್. ಎರಡೂ ಹೊರಗೆ ಚಾಚದೆ ಎಪಾಕ್ಸಿಯೊಳಗೆ ಮೇಲಕ್ಕೆ ಮಡಚಿರುತ್ತವೆ. ಆ ಜಾಗದ ಅಂಚನ್ನು ಸಣ್ಣ ಅರದಿಂದ ನಿಧಾನವಾಗಿ ಉಜ್ಜಿದರೆ ಲೋಹ ಹೊಳೆಯುತ್ತದೆ. ಅಲ್ಲಿಂದ ಒಳಗಿನ ಸತ್ತ ಸೆಲ್ಲಿಗೆ ಹೋಗುವ ಸಂಪರ್ಕವನ್ನು ಕತ್ತರಿಸಿ. ಉಳಿದರೆ ಅದು ಹೊಸ ಸೆಲ್ಲನ್ನೂ ಹೀರುತ್ತದೆ. ನಂತರ ಸಿಆರ್2032 ಹೋಲ್ಡರಿನ ತಂತಿ ಬೆಸೆಯಿರಿ. ಈ ಚಿಪ್ ಸೆಲ್ಲಿಗೆ ಚಾರ್ಜ್ ಕಳಿಸುವುದಿಲ್ಲ, ಡಯೋಡ್ ಬೇಡ. ಉಜ್ಜುವಾಗ ಮುಖಗವಸು ಇರಲಿ, ಎಪಾಕ್ಸಿಯ ಧೂಳು ಎದೆಗೆ ಒಳ್ಳೆಯದಲ್ಲ.

ತಾರೀಕು ತುಂಬುವಾಗ

ಸೆಟಪ್‌ನಲ್ಲೂ ಡಾಸ್‌ನಲ್ಲೂ ಹೆಚ್ಚಾಗಿ ಅಮೆರಿಕದ ಕ್ರಮ: ತಿಂಗಳು ಮೊದಲು, ದಿನ ಆಮೇಲೆ. ಏಪ್ರಿಲ್ 5 ಎಂದು 05-04 ಹಾಕಿದರೆ ಯಂತ್ರ ಮೇ 4 ಎಂದು ತಿಳಿಯುತ್ತದೆ. ಸಮಯ 24 ಗಂಟೆಯ ಲೆಕ್ಕದಲ್ಲಿ. ಫೋನಿನ ಸಮಯಕ್ಕಿಂತ ಒಂದು ನಿಮಿಷ ಮುಂದಿನದನ್ನು ತುಂಬಿ, ಆ ನಿಮಿಷ ಬಂದೊಡನೆ ಎಂಟರ್ ಒತ್ತಿ. ಹಾರ್ಡ್ ಡಿಸ್ಕಿನ ಸಂಖ್ಯೆಗಳನ್ನೂ ತುಂಬಿ ‘ಸೇವ್’ ಮಾಡಿ ಹೊರಬನ್ನಿ.

ಮೂಲ ಚಿಪ್ ವರ್ಷದ ಕೊನೆಯ ಎರಡಂಕಿ ಮಾತ್ರ ಎಣಿಸುತ್ತದೆ, ಶತಮಾನವನ್ನು ಬಯೋಸ್ (ಬೋರ್ಡಿನಲ್ಲೇ ಇರುವ, ಚಾಲೂ ಆಗುವಾಗ ಮೊದಲು ಓಡುವ ತಂತ್ರಾಂಶ) ಬೇರೆ ಕಡೆ ಬರೆದಿಡುತ್ತದೆ. 2000ಕ್ಕೆ ಮುಂಚಿನ ಕೆಲವು ಬಯೋಸ್‌ಗಳು ಇಲ್ಲಿ ಎಡವುತ್ತವೆ. ಹಲವಕ್ಕೆ ಡಾಸ್‌ನ ಡೇಟ್ ಆಜ್ಞೆಯಲ್ಲಿ ಒಮ್ಮೆ ಸರಿಯಾದ ವರ್ಷ ಕೊಟ್ಟರೆ ಸಾಕು. ಅದಕ್ಕೂ ಒಪ್ಪದಿದ್ದರೆ 28 ಕಳೆಯಿರಿ. 28 ವರ್ಷಕ್ಕೊಮ್ಮೆ ವಾರ, ದಿನಾಂಕ, ಅಧಿಕ ವರ್ಷ ಎಲ್ಲ ಹಾಗೇ ಮರುಕಳಿಸುತ್ತವೆ. 2026ಕ್ಕೆ 1998, 2027ಕ್ಕೆ 1999 ಹಾಕಿದರೆ ಸೋಮವಾರ ಸೋಮವಾರವೇ ಆಗಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಮಾತ್ರ ಹೊಂದುವುದಿಲ್ಲ. 2028ಕ್ಕೆ ಹೊಂದುವ ವರ್ಷ 2000ವೇ ಆದ್ದರಿಂದ ಈ ಉಪಾಯದ ಆಯುಸ್ಸು 2027ರ ಡಿಸೆಂಬರ್‌ವರೆಗೆ.

ಕೆಲಸ ಆಯಿತೇ ಎಂದು ಪರೀಕ್ಷಿಸಲು ಬಂದ್ ಮಾಡಿ, ಪ್ಲಗ್ ಕಿತ್ತು, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಸಮಯ ಸರಿಯಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ ನೋಡಿ.

ಬೇಸಿಗೆಯಲ್ಲಿ ಹಿಂದೆ ಬಿದ್ದರೆ ಗಾಬರಿ ಬೇಡ

ಈ ಹರಳು ಸರಿಯಾಗಿ ನಡೆಯುವುದು 25 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ಕ್ಯಾಬಿನೆಟ್ಟಿನೊಳಗೆ 45 ಡಿಗ್ರಿ ಆದರೆ ತಿಂಗಳಿಗೆ ಸುಮಾರು 35 ಸೆಕೆಂಡ್ ಹಿಂದೆ ಬೀಳಬಹುದು. ಹರಳಿನ ಸಹಜ ಏರುಪೇರೂ ಸೇರಿದರೆ ತಿಂಗಳಿಗೆ ಒಂದು–ಒಂದೂವರೆ ನಿಮಿಷ. ಅದು ಕೆಟ್ಟದ್ದರ ಲಕ್ಷಣವಲ್ಲ. ತಿಂಗಳ ಮೊದಲ ದಿನ ಸಮಯ ಹೊಂದಿಸುವ ರೂಢಿ ಇಟ್ಟುಕೊಂಡರೆ ಸಾಕು.

ತೆಗೆದ ಬ್ಯಾಟರಿ ಏನು ಮಾಡಬೇಕು?

ನಾಣ್ಯ ಸೆಲ್ ಮಕ್ಕಳ ಕೈಗೆ ಸಿಗದಿರಲಿ, ಹಳೆಯದೂ ಹೊಸದೂ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಅನುಮಾನ ಬಂದ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ, ಕಾದು ನೋಡಬೇಡಿ. ಪೀಪಾಯಿಯಲ್ಲಿರುವ ಕ್ಯಾಡ್ಮಿಯಂ ವಿಷದ ಲೋಹ. ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ಹೊಲಕ್ಕೆ ಸೇರುತ್ತದೆ, ಬೆಂಕಿಗೆ ಹಾಕಿದರೆ ಸಿಡಿಯುತ್ತದೆ. ಎರಡು ತುದಿಗೂ ಟೇಪ್ ಸುತ್ತಿ, ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು ಇ–ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಮರಳಿ ಪಡೆಯುವ ಹೊಣೆ ಉತ್ಪಾದಕರದ್ದು, ಅದನ್ನು ಮನೆಕಸದಿಂದ ಬೇರೆ ಇಡುವ ಹೊಣೆ ಬಳಸುವವರದ್ದು.

ಹೊಸ ಸೆಲ್ ಹಾಕಿದ ತಿಂಗಳು, ವರ್ಷ, ಹಾರ್ಡ್ ಡಿಸ್ಕಿನ ಮೂರು ಸಂಖ್ಯೆ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಮೈಗೆ ಅಂಟಿಸಿ. ಐದು ವರ್ಷದ ನಂತರ ಬಿಚ್ಚುವವರಿಗೆ ಅದೊಂದೇ ದಾಖಲೆ. ಯಂತ್ರವನ್ನು ಮತ್ತೆ ಅಟ್ಟಕ್ಕೇ ಏರಿಸುವುದಾದರೆ ಸೆಲ್ ತೆಗೆದೇ ಇಡಿ.

ಕೊನೆಯದಾಗಿ ಒಂದು ಮಾತು. ಗಡಿಯಾರ ಸರಿಪಡಿಸಲು ಈಗ ಪುರುಸೊತ್ತಿಲ್ಲದಿದ್ದರೂ, ಮನೆಯಲ್ಲಿ ಅಥವಾ ಪ್ರೆಸ್ಸಿನಲ್ಲಿ 286ರಿಂದ 486ರ ಕಾಲದ ಯಂತ್ರವಿದ್ದರೆ ಈ ವಾರವೇ ಮುಚ್ಚಳ ತೆಗೆದು ನೋಡಿ. ಪೀಪಾಯಿ ಬ್ಯಾಟರಿ ಕಂಡರೆ ಕತ್ತರಿಸಿ ಹೊರಗೆ ಹಾಕಿ. ಹೊಸ ಸೆಲ್ ಮುಂದಿನ ವರ್ಷ ಹಾಕಿದರೂ ನಡೆಯುತ್ತದೆ. ಕ್ಷಾರ ತಿಂದ ಬೋರ್ಡಿಗೆ ಬದಲಿ ಬೋರ್ಡ್ ಮಾತ್ರ ಇಂದು ಯಾವ ಅಂಗಡಿಯಲ್ಲೂ ಸುಲಭಕ್ಕೆ ಸಿಗುವುದಿಲ್ಲ.